ಕಳೆದುಹೋದ ಧ್ವನಿಯ ನಾಲ್ಕು ಅಕ್ಷರಗಳು

ಟಫ್, ಕಾಫ್, ದೋ, ಥ್ರೂ, ಥಾಟ್, ಬೌ, ಥರೋ. ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಈ ಏಳು ಪದಗಳ ನಡುವೆ ಯಾವ ನಂಟೂ ಕಾಣುವುದಿಲ್ಲ. ಒಂದರ ಕೊನೆಯಲ್ಲಿ ಫ್, ಇನ್ನೊಂದರ ಕೊನೆಯಲ್ಲಿ ಊ, ಮತ್ತೊಂದರಲ್ಲಿ ಔ. ಇವನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದು ನೋಡಿ. ಏಳರಲ್ಲೂ ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಅದೇ ಕ್ರಮದಲ್ಲಿ, ಒಂದರ ಪಕ್ಕ ಒಂದಾಗಿ ನಿಂತಿವೆ. ಕಣ್ಣಿಗೆ ಒಂದೇ ಮನೆಯವರಂತೆ ಕಾಣುವ ಪದಗಳು ಕಿವಿಗೆ ಪೂರ್ತಿ ಅಪರಿಚಿತವಾಗಿ ಕೇಳಿಸುತ್ತವೆ. ಅಷ್ಟಕ್ಕೂ ಈ ಏಳು ಉಚ್ಚಾರಣೆಗಳಿಗೆ ಪಟ್ಟಿ ಮುಗಿಯುವುದಿಲ್ಲ. ಬಿಕ್ಕಳಿಕೆಗೆ ಇರುವ ಇಂಗ್ಲಿಷ್ ಪದವನ್ನು ಈ ನಾಲ್ಕು ಅಕ್ಷರಗಳೊಂದಿಗೆ ಬರೆಯುವ ರೂಢಿಯೂ ಉಂಟು, ಆದರೆ ಓದುವುದು 'ಹಿಕಪ್' ಎಂದೇ. ಐರ್ಲೆಂಡಿನಲ್ಲಿ ಸರೋವರಕ್ಕೆ ಇದೇ ಅಕ್ಷರಗಳಿಂದ ಕೊನೆಗೊಳ್ಳುವ ಹೆಸರಿದೆ. ಅಲ್ಲಿಯವರು ಅದನ್ನು 'ಲಾಖ್' ಎಂದು ಗಂಟಲಿನಿಂದ ನುಡಿಯುತ್ತಾರೆ.

ಇಂಗ್ಲಿಷ್ ಕಾಗುಣಿತಕ್ಕೆ ತಲೆಬುಡವಿಲ್ಲ ಎಂದು ಸಾಧಿಸಲು ಎಲ್ಲರೂ ಮೊದಲು ಎತ್ತಿಕೊಳ್ಳುವುದು ಈ ಪದಗಳನ್ನೇ. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಈ ನಾಲ್ಕು ಅಕ್ಷರಗಳ ಜೋಡಣೆ ಅವ್ಯವಸ್ಥೆಯಿಂದ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಇಂಗ್ಲಿಷ್ ಜನರ ಬಾಯಲ್ಲಿ ದಿನವಿಡೀ ಇದ್ದ, ಈಗ ಸಂಪೂರ್ಣವಾಗಿ ಇಲ್ಲವಾದ ಒಂದು ಧ್ವನಿಯ ಗುರುತು ಅದು. ಧ್ವನಿ ಹೋದ ಮೇಲೂ ಬರಹ ಅದನ್ನು ಬಿಟ್ಟುಕೊಡಲಿಲ್ಲ.

ಆ ಧ್ವನಿ ಯಾವುದೆಂದು ನಮಗೆ ಹೇಳುವುದು ಕಷ್ಟವಲ್ಲ. ಉರ್ದು ಚೆನ್ನಾಗಿ ಬಲ್ಲವರು 'ಖಬರ್' ಎನ್ನುವಾಗ ಮೊದಲ ಅಕ್ಷರವನ್ನು ಗಂಟಲ ಹತ್ತಿರ ಉಸಿರು ಉಜ್ಜಿಕೊಂಡು ಬರುವಂತೆ ನುಡಿಯುತ್ತಾರಲ್ಲ, ಅದೇ. ಕನ್ನಡದ ಮಹಾಪ್ರಾಣ ಖ ಅಲ್ಲ, ಅದಕ್ಕಿಂತ ಒರಟು. ಸದ್ಯಕ್ಕೆ ಅದನ್ನು ಖ್ ಎಂದೇ ಬರೆಯುತ್ತೇನೆ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಒರಟು ಎಂಬುದಕ್ಕೆ 'ರೂಖ್' ಎನ್ನುತ್ತಿದ್ದರು. ಸಾಕು ಎಂಬುದಕ್ಕೆ 'ಯೆನೋಖ್'. ಮರದ ಕೊಂಬೆ 'ಬೋಖ್'. ಮೂಲಕ, ಒಳಹಾದು ಎಂಬ ಅರ್ಥಕ್ಕೆ 'ಥುರ್ಖ್'. ಆಲೋಚನೆ 'ಥೋಖ್ಟ್'. ಇಂದಿನ ರಫ್, ಇನಫ್, ಬೌ, ಥ್ರೂ, ಥಾಟ್‌ಗಳೆಲ್ಲ ಇವುಗಳಿಂದಲೇ ಬಂದವು. ಅಂದರೆ ಇವುಗಳ ಸ್ವರಗಳು ಅಂದೂ ಬೇರೆ ಬೇರೆಯಾಗಿದ್ದವು. ಸಮಾನವಾಗಿದ್ದದ್ದು ಆ ಖ್ ಒಂದೇ.

ಇಂಗ್ಲಿಷಿನ ಹತ್ತಿರದ ಸಂಬಂಧಿಗಳು ಅದನ್ನು ಇನ್ನೂ ಕಾಪಾಡಿಕೊಂಡಿದ್ದಾರೆ. ಜರ್ಮನ್ನರು ರಾತ್ರಿಗೆ 'ನಖ್ಟ್' ಎನ್ನುತ್ತಾರೆ, ಮಗಳಿಗೆ 'ಟೊಖ್ಟರ್' ಎನ್ನುತ್ತಾರೆ. ಯೋಚಿಸಿದೆ ಎನ್ನಲು 'ದಖ್ಟೆ', ಹೊತ್ತು ತಂದೆ ಎನ್ನಲು 'ಬ್ರಖ್ಟೆ'. ನೈಟ್, ಡಾಟರ್, ಥಾಟ್, ಬ್ರಾಟ್ ಎಂಬ ಇಂಗ್ಲಿಷ್ ಪದಗಳನ್ನು ಬರೆಯುವಾಗ ಮಧ್ಯೆ ಸದ್ದಿಲ್ಲದೆ ಕೂರುವ ಜಿ-ಎಚ್ ಜೋಡಿಯ ಸ್ಥಾನದಲ್ಲೇ ಜರ್ಮನ್ನಿನಲ್ಲಿ ಈ ಧ್ವನಿ ಜೀವಂತವಾಗಿದೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ಇಂದಿಗೂ ರಾತ್ರಿ 'ನಿಖ್ಟ್', ಬೆಳಕು 'ಲಿಖ್ಟ್'. ಇಂಗ್ಲೆಂಡಿನ ದಕ್ಷಿಣದಲ್ಲಿ ಸತ್ತ ಧ್ವನಿ ಕೆಲವು ನೂರು ಮೈಲಿ ಉತ್ತರಕ್ಕೆ ಹೋದರೆ ಉಳಿದಿದೆ.

ಹಾಗಾದರೆ ಆ ಧ್ವನಿಗೆ ಈ ವಿಚಿತ್ರ ವೇಷ ಹೇಗೆ ಬಂತು? ಹಳೆಯ ಇಂಗ್ಲಿಷಿನ ಲಿಪಿಕಾರರು ಅದನ್ನು ಬರೀ ಎಚ್ ಎಂಬ ಒಂದೇ ಅಕ್ಷರದಿಂದ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬರಹದ ರೂಢಿಗಳು ಫ್ರೆಂಚ್ ಪ್ರಭಾವಕ್ಕೆ ಒಳಗಾದವು. ಈ ಧ್ವನಿಗೆ 'ಯೋಗ್' ಎಂಬ, 3ರ ಅಂಕಿಯನ್ನು ಹೋಲುವ ಅಕ್ಷರವೊಂದು ಬಳಕೆಗೆ ಬಂತು. ಅದರ ಜೊತೆಗೇ ಜಿ-ಎಚ್ ಜೋಡಿಯೂ ಹರಡಿತು. ವಿಲಿಯಂ ಕ್ಯಾಕ್ಸ್‌ಟನ್ ಮುದ್ರಣದ ಕೆಲಸವನ್ನು ಜರ್ಮನಿಯ ಕೊಲೋನ್‌ನಲ್ಲಿ ಕಲಿತು, 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟವನ್ನು ತೆರೆದ. ಯುರೋಪಿನಿಂದ ಬಂದ ಅಚ್ಚುಮೊಳೆಗಳಲ್ಲಿ ಯೋಗ್ ಅಕ್ಷರಕ್ಕೆ ಸ್ಥಾನವಿರಲಿಲ್ಲ. ಜಿ-ಎಚ್ ಉಳಿದುಕೊಂಡಿತು, ಯೋಗ್ ಮರೆಯಾಯಿತು.

ಮೊದಲ ಎರಡು ಅಕ್ಷರಗಳ ಕಥೆಯೂ ಸರಳವಲ್ಲ. ದೀರ್ಘ ಊ ಸ್ವರವನ್ನು ಓ-ಯು ಎಂದು ಬರೆಯುವುದು ಫ್ರೆಂಚರಿಂದ ಬಂದ ಪದ್ಧತಿ. 'ರೂಖ್' ಎಂಬ ಪದಕ್ಕೆ ಆ ಎರಡು ಅಕ್ಷರಗಳು ಬಂದದ್ದು ಹಾಗೆ. 'ಥೋಖ್ಟ್' ಎಂಬಂಥ ಪದಗಳಲ್ಲಿ ನಡೆದದ್ದೇ ಬೇರೆ. ಓ ಸ್ವರದಿಂದ ಗಂಟಲಿನ ಖ್‌ಗೆ ಜಾರುವಾಗ ನಡುವೆ ಸಣ್ಣದೊಂದು ಉಕಾರ ಹುಟ್ಟಿಕೊಂಡಿತು. ಜನ 'ಥೋಖ್ಟ್' ಅನ್ನದೆ 'ಥೋಉಖ್ಟ್' ಅನ್ನತೊಡಗಿದರು. ಲಿಪಿಕಾರರು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದರು. ಹೀಗೆ ಬೇರೆ ಬೇರೆ ದಾರಿಯಲ್ಲಿ ನಡೆದು ಬಂದ ಪದಗಳು ಕಾಗದದ ಮೇಲೆ ಒಂದೇ ರೂಪ ತಾಳಿದವು. ಬರೆದವರು ಅಜ್ಞಾನಿಗಳಾಗಿರಲಿಲ್ಲ, ಶ್ರದ್ಧೆಯಿಂದ ಕಿವಿಗೊಟ್ಟವರು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಆಮೇಲೆ ಆ ಧ್ವನಿ ಕುಸಿಯಿತು. ಹದಿನೈದನೇ ಶತಮಾನದಿಂದ ಹದಿನೇಳನೆಯದರವರೆಗೆ, ಊರಿನಿಂದ ಊರಿಗೆ ಒಂದೊಂದು ರೀತಿಯಲ್ಲಿ ಕುಸಿಯಿತು. ಈ ಕುಸಿತ ನಡೆಯುತ್ತಿದ್ದಾಗ ಅದನ್ನು ಕಂಡು ಸಂಕಟಪಟ್ಟವರೂ ಇದ್ದರು. 1598ರಲ್ಲಿ ಅಚ್ಚಾದ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಶೇಕ್ಸ್‌ಪಿಯರ್ ಒಬ್ಬ ಪಂಡಿತನನ್ನು ತರುತ್ತಾನೆ. ನೆರೆಯವನು ಎಂಬರ್ಥದ ಪದದಲ್ಲಿ ಜಿ-ಎಚ್ ಅನ್ನು ನುಂಗಿ 'ನೇಬರ್' ಎನ್ನುವವರ ಮೇಲೆ ಆ ಪಂಡಿತನಿಗೆ ಅಸಾಧ್ಯ ಸಿಟ್ಟು. ನಾಟಕ ನೋಡಿದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ನೇಬರ್ ಎಂದೇ ಅನ್ನುತ್ತಿದ್ದಿರಬೇಕು. ಇಲ್ಲದಿದ್ದರೆ ಆ ಮಾತಿಗೆ ನಗು ಬರುತ್ತಿರಲಿಲ್ಲ.

ಖ್ ಹೋದ ದಾರಿಗಳು ಮುಖ್ಯವಾಗಿ ಮೂರು. ಕೆಲವು ಪದಗಳಲ್ಲಿ ಅದು ಸುಮ್ಮನೆ ಇಲ್ಲವಾಯಿತು. ಥ್ರೂ, ಥಾಟ್, ಬಾಟ್, ಫಾಟ್ ಎಲ್ಲ ಈ ಬಗೆಯವು. ಕೆಲವು ಪದಗಳಲ್ಲಿ ಅದು ಫ್ ಆಯಿತು. ಗಂಟಲಿನ ಧ್ವನಿ ತುಟಿಗೆ ಬರುವುದು ಮೊದಲಿಗೆ ನಂಬಲಾಗದ ಮಾತು. ಆದರೆ ಉ, ಓ ಸ್ವರಗಳನ್ನು ನುಡಿಯುವಾಗ ನಮ್ಮ ತುಟಿ ದುಂಡಗಾಗಿರುತ್ತದೆ. ಹಾಗೆ ದುಂಡಗಾದ ತುಟಿಯಿಂದಲೇ ಖ್ ಅನ್ನು ಹೊರಬಿಟ್ಟು ನೋಡಿ, ಕೇಳುವವರಿಗೆ ಅದು ಫ್‌ಗೆ ಬಹಳ ಹತ್ತಿರವಾಗಿ ಕೇಳುತ್ತದೆ. ಮಕ್ಕಳು ಮಾತು ಕಲಿಯುವುದು ಕೇಳಿಸಿಕೊಂಡೇ ತಾನೆ. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ರಫ್, ಟಫ್, ಇನಫ್, ಕಾಫ್‌ಗಳು ನೆಲೆಗೊಂಡವು. ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕೊಂಬೆ ಒಂದಾದರೆ 'ಬೋಖ್', ಹಲವಾದರೆ ಅದರ ಮೇಲೆ ಪ್ರತ್ಯಯ ಸೇರಿ ಖ್ ಮೃದುವಾಗಿ, ಕ್ರಮೇಣ ವ್‌ಗೆ ತಿರುಗಿ ಸ್ವರದಲ್ಲಿ ಕರಗಿತು. ಇಂದಿನ 'ಬೌ', 'ಪ್ಲೌ' ಎಂಬ ಉಚ್ಚಾರಣೆಗಳು ಆ ಬಹುವಚನದ ಕಡೆಯಿಂದ ಬಂದವು. ಕಾಗುಣಿತ ಮಾತ್ರ ಏಕವಚನದ್ದೇ ಉಳಿಯಿತು. ಸಾಕು ಎಂಬ ಪದಕ್ಕೂ ಹಿಂದೆ ಎರಡು ರೂಪಗಳಿದ್ದವು: ಒಂದಕ್ಕೆ 'ಇನಫ್', ಹಲವಕ್ಕೆ 'ಇನೌ'. ಎರಡನೆಯದು ಹಳೆಯ ಪದ್ಯಗಳಲ್ಲಷ್ಟೇ ಉಳಿದಿದೆ.

ಊರೂರಿನ ವ್ಯತ್ಯಾಸಕ್ಕೂ ಸಾಕ್ಷಿಗಳಿವೆ. ನಾದಿದ ಹಿಟ್ಟಿಗೆ ಎಲ್ಲರೂ 'ಡೋ' ಎನ್ನುತ್ತಾರೆ. ಆದರೆ ಇಂಗ್ಲೆಂಡಿನ ಉತ್ತರದ ಕೆಲವು ಕಡೆ ಅದೇ ಪದವನ್ನು ರಫ್‌ನ ಹಾಗೆ 'ಡಫ್' ಎನ್ನುತ್ತಿದ್ದರು. ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಅವರ ಸಿಹಿ ತಿನಿಸೊಂದಕ್ಕೆ 'ಪ್ಲಮ್ ಡಫ್' ಎಂಬ ಹೆಸರು ಅಂಟಿಕೊಂಡಿದ್ದು ಆ ಉಚ್ಚಾರಣೆಯಿಂದ. ಥ್ರೂ ಮತ್ತು ಥರೋ ಕೂಡ ಮೂಲದಲ್ಲಿ ಎರಡು ಪದಗಳಲ್ಲ, ಒಂದೇ 'ಥುರ್ಖ್'. ಒತ್ತಿ ನುಡಿದಾಗ ಎರಡು ಅಕ್ಷರದ ಪದವಾಗಿ ಥರೋ ಆಯಿತು, ಹಗುರವಾಗಿ ನುಡಿದಾಗ ರಕಾರ ಮುಂದಕ್ಕೆ ಸರಿದು ಥ್ರೂ ಆಯಿತು. ಆರಂಭದಿಂದ ಅಂತ್ಯದವರೆಗೆ ಒಳಹೊಕ್ಕು ನೋಡಿದ್ದು ಯಾವುದೋ ಅದು ಥರೋ. ಅರ್ಥದಲ್ಲೂ ಆ ಸಂಬಂಧ ಕಡಿದಿಲ್ಲ. ಬ್ರಿಟಿಷರ ಬಾಯಲ್ಲಿ ಥರೋದ ಕೊನೆಯ ಸ್ವರ ಇನ್ನೂ ಸಣ್ಣದಾಗಿ ಕೇಳುತ್ತದೆ; ಅದಕ್ಕೆ ತಕ್ಕ ಅಕ್ಷರ ಕನ್ನಡದಲ್ಲಿಲ್ಲ.

ನನ್ನ ಅಕ್ಕನ ಮಗಳಿಗೆ ಕಾಗುಣಿತ ಹೇಳಿಕೊಡುವಾಗ ನಾನು ಈ ಪದಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ಗಂಟಲಿನಿಂದ ಖ್ ಅನ್ನಿಸುತ್ತೇನೆ. 'ನಿಖ್ಟ್, ಲಿಖ್ಟ್, ಥೋಖ್ಟ್' ಎಂದು ಜೋರಾಗಿ ಹೇಳುತ್ತ ಬರೆದರೆ ಜಿ-ಎಚ್ ಎಲ್ಲಿ ಬರಬೇಕೆಂದು ಅವಳ ಕೈಗೇ ತಿಳಿಯುತ್ತದೆ. ನೈಟ್, ಲೈಟ್, ರೈಟ್, ಸೈಟ್, ಮೈಟ್‌ಗಳಲ್ಲಿ ಜಿ-ಎಚ್ ಎಂದೂ ಫ್ ಆಗದಿರುವುದು ಏಕೆಂದು ಅವಳು ಕೇಳಿದಳು. ಇ ಸ್ವರಕ್ಕೆ ತುಟಿ ದುಂಡಗಾಗುವುದಿಲ್ಲವಲ್ಲ, ಅದಕ್ಕೆ. ಐ-ಜಿ-ಎಚ್-ಟಿ ಎಂಬ ಸಾಲು ಅಷ್ಟು ಶಿಸ್ತಾಗಿ ಒಂದೇ ಪ್ರಾಸದಲ್ಲಿ ನಡೆಯುವುದಕ್ಕೂ ಓ-ಯು-ಜಿ-ಎಚ್ ದಿಕ್ಕುದಿಕ್ಕಿಗೆ ಚದುರಿರುವುದಕ್ಕೂ ಕಾರಣ ಒಂದೇ ಬಾಯಿಯಲ್ಲಿದೆ. ಶಾಲೆಗಳಲ್ಲಿ ಇದನ್ನು ಯಾರೂ ಹೇಳದಿರುವುದು ನನಗೆ ನಿಜಕ್ಕೂ ನೋವಿನ ವಿಷಯ. ಕಾರಣವಿರುವುದನ್ನು ಕಾರಣವಿಲ್ಲದ್ದೆಂದು ಕಲಿಸಿದರೆ ಮಗು ಭಾಷೆಯನ್ನೇ ನಂಬುವುದನ್ನು ಬಿಡುತ್ತದೆ.

ಈ ಗುಂಪಿನ ಪದಗಳ ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನೇಗಿಲು, ಕೊಂಬೆ, ನಾದಿದ ಹಿಟ್ಟು, ದನಕರುಗಳಿಗೆ ನೀರು ಮೇವು ಹಾಕುವ ಬಾನಿ, ಬರಗಾಲ, ಕೆಮ್ಮು, ಒರಟು, ಗಟ್ಟಿ, ಸಾಕು. ಕೊಂಡೆ, ತಂದೆ, ಹುಡುಕಿದೆ, ಕಾದಾಡಿದೆ. ಒಬ್ಬ ರೈತನ ಹಟ್ಟಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೇಕಾಗುವ ಮಾತುಗಳಿವು. ಆಸ್ಥಾನ, ನ್ಯಾಯಾಲಯ, ಅಡುಗೆಯ ಸೊಗಸುಗಳಿಗೆ ಇಂಗ್ಲಿಷ್ ಫ್ರೆಂಚಿನಿಂದ ಧಾರಾಳವಾಗಿ ಪದಗಳನ್ನು ತಂದುಕೊಂಡಿತು. ಆ ಪದಗಳಲ್ಲಿ ಈ ಜಿ-ಎಚ್ ಇರುವುದಿಲ್ಲ, ಏಕೆಂದರೆ ಫ್ರೆಂಚರಿಗೆ ಆ ಧ್ವನಿಯೇ ಇರಲಿಲ್ಲ. ಹೊರಗಿನಿಂದ ಬಂದೂ ಜಿ-ಎಚ್ ತೊಟ್ಟ ಕೆಲವು ಪದಗಳಿವೆ ನಿಜ. ಸಂತೋಷ ಎಂಬರ್ಥದ 'ಡಿಲೈಟ್' ಫ್ರೆಂಚ್ ಮೂಲದ್ದು. ಮೊದಲು ಜಿ-ಎಚ್ ಇಲ್ಲದೆಯೇ ಬರೆಯುತ್ತಿದ್ದರು. ಬೆಳಕಿನ 'ಲೈಟ್'ಗೆ ಪ್ರಾಸವಾಗುವುದನ್ನು ನೋಡಿ ಅದಕ್ಕೂ ಅದೇ ಅಕ್ಷರಗಳನ್ನು ಸೇರಿಸಿದರು. ಹಿಕಪ್‌ಗೂ ಹಾಗೇ ಆಯಿತು. ಬಿಕ್ಕಳಿಕೆಯ ಸದ್ದನ್ನು ಅನುಕರಿಸಿ ಹುಟ್ಟಿದ ಪದವದು. ಕೆಮ್ಮಿನ ಜಾತಿಯದೇ ಇರಬೇಕೆಂದು ಊಹಿಸಿದವರು ಅದರ ಬಾಲಕ್ಕೆ ಕೆಮ್ಮಿನ ಕಾಗುಣಿತವನ್ನು ಅಂಟಿಸಿದರು. ಇಲ್ಲಿ ಮಾತ್ರ ಈ ನಾಲ್ಕು ಅಕ್ಷರಗಳು ಎಂದೂ ಇಲ್ಲದ ಧ್ವನಿಯ ಗುರುತಾಗಿ ನಿಂತಿವೆ.

ಮೀನು ಎಂಬರ್ಥದ 'ಫಿಶ್' ಪದವನ್ನು ಜಿ-ಎಚ್-ಓ-ಟಿ-ಐ ಎಂದು ಬರೆಯಬಹುದು ಎಂಬ ಪ್ರಸಿದ್ಧ ಒಗಟನ್ನು ನೀವು ಕೇಳಿರಬಹುದು: ಇನಫ್‌ನ ಜಿ-ಎಚ್, ವಿಮೆನ್‌ನ ಓ, ನೇಷನ್‌ನ ಟಿ-ಐ. ಇದನ್ನು ಬರ್ನಾರ್ಡ್ ಷಾ ಹೆಸರಿಗೆ ಹಚ್ಚುವುದು ರೂಢಿ. ಆದರೆ ಷಾ ಹುಟ್ಟಿದ್ದು 1856ರಲ್ಲಿ, ಒಗಟು 1855ರ ಪತ್ರವೊಂದರಲ್ಲೇ ಇದೆ. ನನಗೆ ಈ ಒಗಟು ಒಪ್ಪಿಗೆಯಿಲ್ಲ. ಇಂಗ್ಲಿಷಿನಲ್ಲಿ ಜಿ-ಎಚ್ ಪದದ ಮೊದಲಿಗೆ ಬಂದಾಗ ಎಂದಿಗೂ ಫ್ ಆಗುವುದಿಲ್ಲ, ಟಿ-ಐ ಪದದ ಕೊನೆಗೆ ಬಂದಾಗ ಶ್ ಆಗುವುದಿಲ್ಲ. ಯಾವ ಅಕ್ಷರ ಎಲ್ಲಿ ನಿಂತಾಗ ಯಾವ ಧ್ವನಿ ಎಂಬುದಕ್ಕೆ ಕಟ್ಟುಪಾಡು ಇರುವುದರಿಂದಲೇ ಇಂಗ್ಲಿಷ್ ಬಲ್ಲ ಯಾರೂ ಅದನ್ನು ಫಿಶ್ ಎಂದು ಓದುವುದಿಲ್ಲ.

ಈ ಅಕ್ಷರಗಳನ್ನು ಕಿತ್ತುಹಾಕಲು ಪ್ರಯತ್ನಗಳೂ ನಡೆದವು. ಅಮೆರಿಕದ ನೋಹ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ನೇಗಿಲನ್ನು ಪಿ-ಎಲ್-ಓ-ಡಬ್ಲ್ಯೂ ಎಂದು ಬರೆದ. ಅಮೆರಿಕನ್ನರು ಈಗಲೂ ಹಾಗೆಯೇ ಬರೆಯುತ್ತಾರೆ. 1906ರಲ್ಲಿ ಉದ್ಯಮಿ ಆಂಡ್ರೂ ಕಾರ್ನೆಗಿಯ ಹಣದ ಬಲದಿಂದ ಕಾಗುಣಿತ ಸುಧಾರಣೆಯ ಮಂಡಳಿಯೊಂದು ಆರಂಭವಾಗಿ, 300 ಪದಗಳ ಪಟ್ಟಿಯನ್ನು ಹೊರತಂದಿತು. ಥ್ರೂ ಎಂಬುದನ್ನು ಟಿ-ಎಚ್-ಆರ್-ಯು ಎಂದೂ ದೋ ಎಂಬುದನ್ನು ಟಿ-ಎಚ್-ಓ ಎಂದೂ ಬರೆಯಬೇಕೆಂದು ಅದರ ಸಲಹೆ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಗಸ್ಟ್ ತಿಂಗಳಲ್ಲಿ ಸರ್ಕಾರಿ ಮುದ್ರಣಾಲಯಕ್ಕೆ ಇದನ್ನೇ ಅನುಸರಿಸಲು ಆದೇಶ ಕೊಟ್ಟ. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ವಿರೋಧಿಸಿತು, ವರ್ಷ ಮುಗಿಯುವ ಮೊದಲೇ ಆದೇಶ ಬಿದ್ದುಹೋಯಿತು. 'ಷಿಕಾಗೋ ಟ್ರಿಬ್ಯೂನ್' ಪತ್ರಿಕೆ 1934ರಿಂದ ಇಂಥ ಸರಳ ರೂಪಗಳನ್ನು ಹಟ ಹಿಡಿದು ಬಳಸಿ, 1975ರಲ್ಲಿ ಕೈಬಿಟ್ಟಿತು. ಅಷ್ಟಾದರೂ ಇಂದು ಕಾರಿನಲ್ಲಿ ಕೂತೇ ತಿಂಡಿ ಕೊಳ್ಳುವ 'ಡ್ರೈವ್ ಥ್ರೂ' ಅಂಗಡಿಗಳ ಫಲಕಗಳಲ್ಲಿ, ಬೆಂಗಳೂರಿನಲ್ಲೂ, ಕಾಣುವುದು ಆ ಟಿ-ಎಚ್-ಆರ್-ಯು ರೂಪವೇ. ಸುಧಾರಕರ ಬಗ್ಗೆ ನನಗೆ ಗೌರವವಿದೆ. ಮಕ್ಕಳ ಕಷ್ಟ ಕಡಿಮೆ ಮಾಡಬೇಕೆಂಬುದು ಅವರ ನಿಜವಾದ ಕಾಳಜಿಯಾಗಿತ್ತು. ಆದರೂ ಅವರು ಗೆದ್ದಿದ್ದರೆ ಥ್ರೂ ಮತ್ತು ಥರೋ ಅಣ್ಣತಮ್ಮಂದಿರೆಂದು ಬರೀ ಕಣ್ಣಿಗೆ ತಿಳಿಯುತ್ತಿರಲಿಲ್ಲ.

ಇಂಗ್ಲೆಂಡಿನ ಊರ ಹೆಸರುಗಳಲ್ಲಿ ಈ ಅಕ್ಷರಗಳು ಹಾಗೆಯೇ ಉಳಿದಿವೆ. ಲಂಡನ್ನಿನ ಪಶ್ಚಿಮಕ್ಕಿರುವ ಪಟ್ಟಣ 'ಸ್ಲೌ'. ಹಾವು ಪೊರೆ ಬಿಡುವುದಕ್ಕೆ ಇರುವ ಪದದ ಕಾಗುಣಿತವೂ ಅಕ್ಷರಶಃ ಅದೇ, ಆದರೆ ಓದುವುದು 'ಸ್ಲಫ್'. ಲೆಸ್ಟರ್‌ಷೈರ್‌ನ ಲಫ್‌ಬರೋ ಪಟ್ಟಣದ ಹೆಸರಿನಲ್ಲಂತೂ ಈ ನಾಲ್ಕು ಅಕ್ಷರಗಳ ಗುಂಪು ಎರಡು ಸಲ ಬರುತ್ತದೆ. ಮೊದಲ ಸಲ ಅಫ್, ಎರಡನೆಯ ಸಲ ಅಸ್ಪಷ್ಟವಾದ ಒಂದು ಗಿಡ್ಡ ಸ್ವರ.

ಇಷ್ಟೆಲ್ಲ ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಕನ್ನಡದ ೞ ಅಕ್ಷರದ ಕಡೆಗೆ. ಇದೂ ಒಂದು ಕಳೆದುಹೋದ ಧ್ವನಿ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಇಂದು ಎರಡನ್ನೂ ಒಂದೇ ಳಕಾರದಿಂದ ಬರೆಯುತ್ತೇವೆ. ಇಂಗ್ಲಿಷಿನ ಖ್ ಹಾಗೆ ನಮ್ಮ ೞ ಕೂಡ ಒಂದೇ ದಾರಿಯಲ್ಲಿ ಹೋಗಲಿಲ್ಲ. ಪೞೆಯ ಎಂಬುದು ಹಳೆಯ ಆಯಿತು, ಅಲ್ಲಿ ಅದು ಳ. ನೆೞಲ್ ಎಂಬುದು ನೆಳಲಾಗಿ ನೆರಳಾಯಿತು. ವ್ಯಂಜನದ ಹಿಂದೆ ಬಂದಾಗ ಮುಂದಿನ ಅಕ್ಷರದಲ್ಲಿ ಲೀನವಾಗಿ ಅದನ್ನು ಒತ್ತಾಗಿಸಿತು: ಪೊೞ್ತು ಹೊತ್ತಾಯಿತು, ಕೞ್ತೆ ಕತ್ತೆಯಾಯಿತು, ಎೞ್ಪತ್ತು ಎಪ್ಪತ್ತಾಯಿತು. ಏಳಕ್ಕೂ ಎಪ್ಪತ್ತಕ್ಕೂ ನಡುವೆ ಳ ಎಲ್ಲಿ ಹೋಯಿತೆಂದು ಯಾವ ಮಗು ಕೇಳಿದರೂ ಉತ್ತರ ಈ ೞದಲ್ಲಿದೆ. ಇಂಗ್ಲಿಷರಿಗೆ ಜರ್ಮನ್ ಹೇಗೋ ನಮಗೆ ತಮಿಳು ಹಾಗೆ. ಅವರು ಇಂದಿಗೂ ಎೞುಬದು, ಪೊೞುದು, ಕೞುದೈ ಎಂದೇ ನುಡಿಯುತ್ತಾರೆ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವ ಹೊತ್ತಿಗೆ ಈ ಧ್ವನಿ ಮಾಸತೊಡಗಿತ್ತು. ಳಕಾರದ ಬಗೆಗಳನ್ನು ರಳ (ಅಂದರೆ ಈ ೞ), ಕುಳ, ಕ್ಷಳ ಎಂದು ವಿಂಗಡಿಸಿ, ಯಾವ ಯಾವ ಪದಗಳಲ್ಲಿ ರಳವಿದೆ ಎಂದು ಅವನು ಪಟ್ಟಿಯನ್ನೇ ಕೊಟ್ಟ. ಬಾಯಲ್ಲಿ ಸಹಜವಾಗಿದ್ದರೆ ಪಟ್ಟಿಯ ಅಗತ್ಯ ಬೀಳುತ್ತಿರಲಿಲ್ಲ.

ವ್ಯತ್ಯಾಸವಿರುವುದು ಮುಂದೆ ನಡೆದದ್ದರಲ್ಲಿ. ನಾವು ಬರಹವನ್ನು ಬಾಯಿಯ ಹಿಂದೆಯೇ ನಡೆಸಿದೆವು. ಪಾಲು ಹಾಲಾದಾಗ ಹಾಲೆಂದೇ ಬರೆದೆವು, ೞ ಹೋದಾಗ ಅಕ್ಷರವನ್ನೂ ಬಿಟ್ಟೆವು. ಕನ್ನಡಕ್ಕೆ ಅಚ್ಚುಮೊಳೆ ಬಂದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಆ ಹೊತ್ತಿಗೆ ಈ ಬದಲಾವಣೆಗಳೆಲ್ಲ ಮುಗಿದು ಶತಮಾನಗಳಾಗಿದ್ದವು. ಇಂಗ್ಲಿಷಿಗೆ ಅಚ್ಚು ಬಂದದ್ದು ಧ್ವನಿಗಳು ಅಲುಗಾಡುತ್ತಿದ್ದ ನಟ್ಟನಡುವೆ. ಪಂಪನ ಕಾಲದಲ್ಲೇ ನಮ್ಮಲ್ಲಿ ಅಚ್ಚುಕೂಟಗಳು ಇದ್ದಿದ್ದರೆ ಇಂದು ನಾವೂ ಪಾಲು ಎಂದು ಬರೆದು ಹಾಲು ಎಂದು ಓದುತ್ತಿದ್ದೆವೇನೋ. ಹಾಗೆಂದು ಬರೆದಂತೆಯೇ ಓದುತ್ತೇವೆ ಎಂದು ಹೆಮ್ಮೆಪಡುವುದೂ ಪೂರ್ತಿ ಸರಿಯಲ್ಲ. ಋಷಿ ಎಂದು ಬರೆದು ರುಷಿ ಎನ್ನುವವರೇ ನಾವೆಲ್ಲ.

ಇಲ್ಲದ ಅಕ್ಷರದ ಸ್ಥಾನಕ್ಕೆ ಇನ್ನೊಂದನ್ನು ತಂದು ಕೂರಿಸುವುದೂ ಎರಡೂ ಕಡೆ ನಡೆದಿದೆ. ಸ್ಕಾಟ್ಲೆಂಡಿನ ಮುದ್ರಕರು ಯೋಗ್ ಅಕ್ಷರವಿಲ್ಲದ್ದರಿಂದ ಅದರ ಆಕಾರಕ್ಕೆ ಹತ್ತಿರವಾದ ಝಡ್ ಅನ್ನು ಬಳಸಿದರು. ಮೆಂಝೀಸ್ ಎಂದು ಬರೆಯುವ ಸ್ಕಾಟಿಷ್ ಮನೆತನದ ಹೆಸರನ್ನು ಹಳೆಯ ರೂಢಿಯಲ್ಲಿ 'ಮಿಂಗಿಸ್' ಎನ್ನುವುದು ಆ ಕಾರಣಕ್ಕೆ. ಮಲಯಾಳದ ೞಕಾರವನ್ನು ಇಂಗ್ಲಿಷಿನಲ್ಲಿ ಝಡ್-ಎಚ್ ಎಂದು ಬರೆಯುತ್ತಾರೆ. ನಮ್ಮ ಪತ್ರಿಕೆಗಳು ಅದನ್ನು ನೋಡಿ ಕೋಝಿಕ್ಕೋಡ್, ಆಲಪ್ಪುಝ ಎಂದು ಅಚ್ಚು ಹಾಕುತ್ತವೆ. ಓದುಗರು ಝಕಾರವನ್ನೇ ಉಚ್ಚರಿಸುತ್ತಾರೆ. ಆ ಧ್ವನಿಗೆಂದೇ ನಮ್ಮಲ್ಲಿ ಒಂದು ಅಕ್ಷರವಿತ್ತು, ಈಗಲೂ ಕೀಲಿಮಣೆಯಲ್ಲಿ ಮೂಡಿಸಬಹುದು. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಕನ್ನಡದ ೞಕ್ಕೂ ಒಂದು ಸಂಕೇತ ಕೊಟ್ಟಿದೆ. ಹೆಸರು ಬರೆಯುವಾಗ ಮಾತ್ರ ತಪ್ಪಾಗಿ 'ಕನ್ನಡ ಲೆಟರ್ ಫ' ಎಂದು ದಾಖಲಾಯಿತು. ತಪ್ಪು ಗೊತ್ತಾದ ಮೇಲೆ ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಮೂಲ ಹೆಸರು ಹಾಗೆಯೇ ಇದೆ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದು ಎಂಬುದು ಯೂನಿಕೋಡ್‌ನ ನಿಯಮ.